ಮಾಡಿ-ತೋರ್ಸಿ ಟೀಚರೂ ಮೂವತ್ತಾರು ಸಹಿಗಳೂ

ಲೋಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಆಯುಧ. ಕೆಲವರಿಗೆ ಕತ್ತಿ, ಕೆಲವರಿಗೆ ನಾಲಿಗೆ, ಇನ್ನು ಕೆಲವರಿಗೆ ಮೇಲಧಿಕಾರಿಯ ಫೋನ್ ನಂಬರು. ನಾಲ್ಕನೇ ತರಗತಿಯ ಟೀಚರ್ ಬಳಿ ಇದ್ದದ್ದು ಎರಡೇ ಎರಡು ಪದ: "ಮಾಡಿ ತೋರ್ಸಿ."

ಈ ಎರಡು ಪದಗಳಿಗೆ ಆ ಬೀದಿಯ ಘಟಾನುಘಟಿಗಳೆಲ್ಲ ಮಣ್ಣು ಮುಕ್ಕಿದ್ದರು. "ನಲ್ಲಿ ಸರಿಹೋಯ್ತು ಅಮ್ಮಾ" ಎಂದು ಸಾಮಾನು ಚೀಲಕ್ಕೆ ತುಂಬಿಕೊಂಡಿದ್ದ ನಲ್ಲಿ ರಿಪೇರಿಯವನು, "ಎಲ್ಲಿ, ಮಾಡಿ ತೋರ್ಸಿ" ಎಂದಾಗ ನಲ್ಲಿ ತಿರುಗಿಸಿ, ಮುಖದ ತುಂಬ ನೀರು ಎರಚಿಸಿಕೊಂಡು, ಇನ್ನೊಂದು ಗಂಟೆ ಸಿಂಕಿನ ಕೆಳಗೆ ಅಂಗಾತ ಮಲಗಿದ್ದ. "ಎಂಥ ಗಾಳಿಗೂ ಬಗ್ಗಲ್ಲ" ಎಂದು ಛತ್ರಿ ಹೊಗಳಿದ ಅಂಗಡಿಯವನು ಬಸ್ ನಿಲ್ದಾಣದ ಮೂಲೆಯ ಗಾಳಿಯಲ್ಲಿ ಹತ್ತು ನಿಮಿಷ ಛತ್ರಿ ಬಿಚ್ಚಿಕೊಂಡು ನಿಂತಿದ್ದನ್ನು ನೋಡಿದವರು ಇನ್ನೂ ಬದುಕಿದ್ದಾರೆ. ಮದುವೆಯ ಮಾತುಕತೆಗೆ ಬಂದ ಹುಡುಗನ ಕಥೆಯಂತೂ ಪುರಾಣವೇ ಆಗಿಹೋಗಿದೆ. ಪಾಪದವನು, ಮೆಚ್ಚಿಸಲೆಂದು "ನಂಗೆ ಅಡುಗೆ ಬರುತ್ತೆ" ಅಂದನಂತೆ. ಮರುಗಳಿಗೆ ಹೊಸ ಶರ್ಟಿನ ತೋಳು ಮಡಚಿಕೊಂಡು, ಹೆಣ್ಣಿನ ಕಡೆಯ ಹನ್ನೊಂದು ಜನರ ಎದುರು ಈರುಳ್ಳಿ ಹೆಚ್ಚುತ್ತ ಗಳಗಳನೆ ಅಳುತ್ತಿದ್ದನಂತೆ. ಆ ಹುಡುಗನೇ ಈಗ ಟೀಚರ್ ಅವರ ಯಜಮಾನರು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾರೆ. ಇವತ್ತಿಗೂ "ಗ್ಯಾಸ್ ಆರಿಸಿದೀನಿ ಕಣೇ" ಎನ್ನುವ ಮೊದಲು ಇನ್ನೊಮ್ಮೆ ಹೋಗಿ ಒಲೆ ನೋಡಿಕೊಂಡು ಬರುತ್ತಾರೆ.

ಇಡೀ ಭೂಮಂಡಲದಲ್ಲಿ ಟೀಚರ್‌ಗೆ ತಿರುಗಿ ಬಾಣ ಬಿಟ್ಟವರು ಒಬ್ಬರೇ, ಅವರ ಅತ್ತೆ. "ನೀನೂ ಒಂದಿನ ಸುಮ್ನೆ ಕೂತ್ಕೊಂಡು ತೋರ್ಸಮ್ಮಾ, ನೋಡೋಣ" ಎಂದಿದ್ದರು. ಟೀಚರ್ ಪ್ರಯತ್ನಪಟ್ಟರು. ಹದಿನಾಲ್ಕೇ ನಿಮಿಷ ಕೂರಲಾಯಿತು.

ಆಳು ಹೇಳಿಕೊಳ್ಳುವಂಥ ಎತ್ತರವೇನಲ್ಲ. ವಯಸ್ಸು ಐವತ್ತೆರಡು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಾರೆ. ಹೆಗಲ ಚೀಲದಲ್ಲಿ ಅಳತೆ ಟೇಪು, ಒಂದು ಹಿಡಿ ಹುಣಸೆಬೀಜ, ಮುಳ್ಳು ತಿರುಗಿಸಬಹುದಾದ ಆಟದ ಗಡಿಯಾರ. ಇಪ್ಪತ್ತೇಳು ವರ್ಷಗಳಿಂದ ಅದೇ ತರಗತಿ, ಅದೇ ಕೋಣೆ, ಒಂದು ಕಾಲು ಗಿಡ್ಡವಾದ ಅದೇ ಮೇಜು. ಆ ಕೋಣೆಯ ಬಾಗಿಲ ಪಕ್ಕದಲ್ಲಿ ಒಂದು ಕಪ್ಪು ಹಲಗೆ. ಪ್ರತಿ ಪರೀಕ್ಷೆಯಾದ ಮೇಲೆ ಮಕ್ಕಳ ಹೆಸರು ಒಂದರಿಂದ ಮೂವತ್ತಾರರವರೆಗೆ ರ್‍ಯಾಂಕಿನ ಪ್ರಕಾರ ಅದರ ಮೇಲೇರುತ್ತಿತ್ತು. ಮೊದಲ ಸ್ಥಾನದಲ್ಲಿ ಯಾವಾಗಲೂ ಔಷಧಿ ಅಂಗಡಿಯವರ ಮಗಳು. ಮೂವತ್ತಾರರಲ್ಲಿ ಯಾವಾಗಲೂ ಅಜ್ಜಿಯ ಜೊತೆ ಇರುವ ಒಂದು ಪುಟ್ಟ ಹುಡುಗಿ. ಒಂದು ದಿನ ಶಾಲೆಗೆ ಬಂದ ಯಾರೋ ಅತಿಥಿ "ನೀನು ಯಾರಮ್ಮಾ?" ಎಂದು ಕೇಳಿದಾಗ ಆ ಹುಡುಗಿ ನಗುತ್ತಲೇ "ನಾನು ಮೂವತ್ತಾರು" ಎಂದಿತು.

ಟೀಚರ್ ಅವತ್ತು ಊಟದ ಡಬ್ಬಿ ತೆರೆಯಲಿಲ್ಲ. ನೇರವಾಗಿ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋದರು.

ಹೀಗೆ ಹುಟ್ಟಿದ್ದು ಹೊಸ ಪ್ರಗತಿ ಕಾರ್ಡು. ಅದರಲ್ಲಿ ಅಂಕವಿಲ್ಲ, ಶೇಕಡಾ ಇಲ್ಲ, ರ್‍ಯಾಂಕಂತೂ ಇಲ್ಲವೇ ಇಲ್ಲ. ಇರುವುದು ವರ್ಷದ ಕೊನೆಗೆ ಮಗುವಿಗೆ ಕೈಗೂಡಬೇಕಾದ ಕೆಲಸಗಳು: "ಓದಿದ ಕಥೆಯನ್ನು ಓದದವರಿಗೆ ಅರ್ಥವಾಗುವಂತೆ ಹೇಳುತ್ತಾಳೆ." "ಗಡಿಯಾರ ನೋಡಿ ಬಸ್ಸಿಗೆ ಇನ್ನೆಷ್ಟು ಹೊತ್ತಿದೆ ಎಂದು ತಿಳಿಸುತ್ತಾಳೆ." "ಪಾತ್ರೆ ನೋಡಿ ಎಷ್ಟು ಹಿಡಿಸುತ್ತದೆ ಎಂದು ಅಂದಾಜು ಮಾಡುತ್ತಾಳೆ." ಪ್ರತಿಯೊಂದರ ಎದುರಿಗೂ ಮೂರು ಚೌಕ: ತಾನೇ ಮಾಡುತ್ತಾಳೆ, ಜೊತೆಗಿದ್ದರೆ ಮಾಡುತ್ತಾಳೆ, ಇನ್ನೂ ಬರಬೇಕು. ಒಂದರಲ್ಲಿ ಟಿಕ್ಕು.

ಮುಖ್ಯೋಪಾಧ್ಯಾಯಿನಿ ಕಾರ್ಡನ್ನು ಮೂರು ಸಲ ತಿರುಗಿಸಿ ನೋಡಿ ಹೇಳಿದರು: "ನನಗೇನೋ ಇಷ್ಟವಾಯ್ತು. ಆದ್ರೆ ಪೋಷಕರು ನನ್ನ ಪ್ರಾಣ ತಿಂತಾರೆ. ಶನಿವಾರ ಸಭೆ ಕರೀರಿ. ಮೂವತ್ತಾರು ಜನವೂ ಒಪ್ಪಿ ಸಹಿ ಹಾಕಿದ್ರೆ ಕಾರ್ಡು ಉಳಿಯುತ್ತೆ. ಒಂದು ಸಹಿ ಕಡಿಮೆಯಾದ್ರೂ ಹಲಗೆ ವಾಪಸ್."

ಸೋಮವಾರ ಕಾರ್ಡುಗಳು ಮನೆಗೆ ಹೋದವು. ಮಂಗಳವಾರದ ಹೊತ್ತಿಗೆ ಪೋಷಕರ ಫೋನ್ ಗುಂಪಿನಲ್ಲಿ ರಣಕಹಳೆ ಮೊಳಗಿತು. ಊದಿದವರು ಔಷಧಿ ಅಂಗಡಿಯವರು. ತೂಕದ ಮನುಷ್ಯ. ಮಾತ್ರೆಗಳನ್ನು ಎಣಿಸಿ ಕೊಟ್ಟು, ಕೊಟ್ಟ ಮೇಲೆ ಮತ್ತೊಮ್ಮೆ ಎಣಿಸುವವರು. ಸಂಖ್ಯೆಯಿಲ್ಲದ ಕಾಗದ ಕಂಡರೆ ಅವರಿಗೆ ತಲೆ ಸುತ್ತುತ್ತದೆ. ಹಾಗಾಗಿ ಅವರೇ ಸಂಖ್ಯೆ ಹುಟ್ಟಿಸಿದ್ದರು. "ತಾನೇ"ಗೆ ಮೂರು, "ಜೊತೆಗಿದ್ದರೆ"ಗೆ ಎರಡು, "ಇನ್ನೂ ಬರಬೇಕು"ಗೆ ಒಂದು. ಉಳಿದವರೆಲ್ಲ ತಮ್ಮ ತಮ್ಮ ಕಾರ್ಡಿನ ಫೋಟೋ ಕಳಿಸಿದರು. ರಾತ್ರಿ ಊಟದ ಹೊತ್ತಿಗೆ, ರ್‍ಯಾಂಕಿಲ್ಲದ ಕಾರ್ಡಿನಿಂದ ಮೂವತ್ತಾರು ರ್‍ಯಾಂಕುಗಳು ಗರಿಗರಿಯಾಗಿ ಹೊರಬಂದವು.

ಬಂದದ್ದೇನೋ ಬಂತು. ಆದರೆ ಆ ಪಟ್ಟಿಯಲ್ಲಿ ಅವರ ಮಗಳೇ ಹದಿನಾಲ್ಕನೆಯವಳು. ಮೂವತ್ತಾರನೆಯ ಹುಡುಗಿ ಐದನೆಯವಳು. ಆಮೇಲೆ ಅವರು ದಪ್ಪ ಅಕ್ಷರಗಳಲ್ಲಿ ಬರೆದರು: "ಈ ಕಾರ್ಡು ತಪ್ಪು. ನಾನು ಸಹಿ ಹಾಕುವುದಿಲ್ಲ."

ಮನೆಯಲ್ಲಿ ಟೀಚರ್ ಇದನ್ನು ಯಜಮಾನರಿಗೆ ತೋರಿಸಿದರು. ಅವರು ಹೊಲಿಗೆ ಯಂತ್ರದ ಹೊಟ್ಟೆಗೆ ಎಣ್ಣೆ ಬಿಡುತ್ತ, "ಒಂದು ಸಹಿಗೆ ಯಾಕೆ ತಲೆ ಕೆಡಿಸ್ಕೋತೀಯ? ನಾನು ಹಾಕ್ಕೊಡ್ಲಾ?" ಎಂದರು.

"ನಿಮ್ಮ ಮಗು ನಾಲ್ಕನೇ ಕ್ಲಾಸಲ್ಲಿ ಇದೆಯೇನ್ರೀ?"

"ಇಲ್ಲ, ನಿನ್ನ ಸಪ್ಪೆ ಮುಖ ನೋಡೋಕಾಗ್ತಿಲ್ಲ ಅಂತ ಹೇಳ್ದೆ."

ಶನಿವಾರ ಹತ್ತು ಗಂಟೆಗೆ ಪೋಷಕರು ಬಂದರು. ಮಕ್ಕಳ ಬೆಂಚುಗಳಲ್ಲಿ ದೊಡ್ಡವರು ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕುಳಿತರು. ಮಕ್ಕಳು ಗೋಡೆಯುದ್ದಕ್ಕೂ ನಿಂತು, ಅಪ್ಪ ಅಮ್ಮಂದಿರು ಬೆಂಚಿನ ಕೆಳಗೆ ಕಾಲು ಸಿಕ್ಕಿಸಿಕೊಂಡು ಒದ್ದಾಡುವುದನ್ನು ನೋಡಿ ಕಿಸಕಿಸ ನಗುತ್ತಿದ್ದರು. ಮುಖ್ಯೋಪಾಧ್ಯಾಯಿನಿ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡಿದ್ದರು, ಓಡಲು ಅನುಕೂಲವಾಗಲೆಂದು.

ಮೊದಲು ಎದ್ದವರು ಮೂವತ್ತಾರನೆಯ ಹುಡುಗಿಯ ಅಜ್ಜಿ. ಕಾರ್ಡನ್ನು ಕೈಯುದ್ದ ದೂರ ಹಿಡಿದು ಕೇಳಿದರು: "ಟೀಚರಮ್ಮಾ, ನಂಗೆ ಓದೋಕೆ ಬರಲ್ಲ. ನಮ್ಮ ಹುಡುಗಿ ಇದ್ರಲ್ಲಿ ಎಷ್ಟನೆಯವಳು?"

"ಎಷ್ಟನೆಯವಳೂ ಅಲ್ಲ ಅಜ್ಜಿ."

"ಅಂದ್ರೆ, ಹಲಗೆ ಮೇಲೆ ಕೂಡ ಹಾಕ್ಲಿಲ್ವಾ? ಅಷ್ಟು ದಡ್ಡಿನಾ?"

"ಅಯ್ಯೋ, ಅಲ್ಲಜ್ಜಿ! ಹಲಗೇನೇ ಇಲ್ಲ. ಕೇಳಿ, ಓದಿ ಹೇಳ್ತೀನಿ. ಗೊತ್ತಿಲ್ಲದವರಿಗೆ ದಾರಿ ಹೇಳೋದು: ತಾನೇ ಮಾಡ್ತಾಳೆ. ಗಡಿಯಾರ: ತಾನೇ. ಕಥೆ ಹೇಳೋದು: ತಾನೇ. ಭಾಗಾಕಾರ: ಇನ್ನೂ ಬರಬೇಕು."

ಅಜ್ಜಿ ಕಣ್ಣರಳಿಸಿ ಮೊಮ್ಮಗಳ ಕಡೆ ತಿರುಗಿದರು. "ಏನೇ, ಇಷ್ಟೆಲ್ಲ ಬರುತ್ತಾ ನಿಂಗೆ? ಮನೇಲಿ ಒಂದು ಲೋಟ ಎತ್ತಿಡೋಕೆ ಬರಲ್ಲ!"

"ಅದು ಕಾರ್ಡಲ್ಲಿ ಇಲ್ಲ ಅಜ್ಜಿ," ಎಂದಿತು ಹುಡುಗಿ.

ಕೋಣೆಯೆಲ್ಲ ನಕ್ಕಿತು. ಅಜ್ಜಿ ಹೆಬ್ಬೆಟ್ಟು ಚಾಚಿದರು. ಮೊದಲ ಸಹಿ ಬಿತ್ತು. ಅದರ ಹಿಂದೆಯೇ ಉಳಿದವೂ ಸಾಲಾಗಿ ಬಿದ್ದು ಹನ್ನೊಂದೂವರೆಯ ಹೊತ್ತಿಗೆ ಮೂವತ್ತೈದಾಯಿತು.

ಆಗ ಔಷಧಿ ಅಂಗಡಿಯವರು ತಮ್ಮ ಪಟ್ಟಿ ಹಿಡಿದು ಎದ್ದರು. ಬೆಂಚೂ ಅವರ ಜೊತೆ ಎದ್ದಿತು. ಪಕ್ಕದವರು ಅದನ್ನು ಹಿಡಿದು ಕೆಳಗಿಳಿಸಿದರು.

"ಟೀಚರ್, ನನ್ನ ಮಗಳಿಗೆ ಗಣಿತದಲ್ಲಿ ಯಾವತ್ತೂ ತೊಂಬತ್ತೈದಕ್ಕಿಂತ ಕಡಿಮೆ ಬಂದಿಲ್ಲ. ನೀವು ಅಳತೆಯಲ್ಲಿ 'ಜೊತೆಗಿದ್ದರೆ' ಅಂತ ಹಾಕಿದೀರ. ಅಳತೆ! ಔಷಧಿ ಅಂಗಡಿಯವನ ಮಗಳಿಗೆ! ಬೆಳಗಾದ್ರೆ ನಮ್ಮನೇಲಿ ಮಿಲಿಲೀಟರೇ ಮಾತು."

"ಸರ್, ಪಟ್ಟಿ ಪಕ್ಕಕ್ಕಿಡಿ. ಅಂಗಡಿಗೆ ಬಂದೋರಿಗೆ ಜ್ವರ ಇದ್ರೆ, 'ನಿಮ್ಮ ಜ್ವರ ಈ ಬೀದೀಲಿ ಎಷ್ಟನೆಯದು' ಅಂತ ಕೇಳ್ತೀರಾ?"

"ಜ್ವರಕ್ಕೂ ನಂಬರ್ ಇದೆ ಟೀಚರ್!" ಎಂದರು ಅವರು, ಸಿಕ್ಕಿತು ಎಂಬ ಸಂಭ್ರಮದಲ್ಲಿ.

"ಇದೆ. ಆದ್ರೆ ಜ್ವರ, ಕೆಮ್ಮು, ಮಂಡಿನೋವು ಮೂರನ್ನೂ ಕೂಡಿಸಿ, 'ಒಟ್ಟು ಇನ್ನೂರ ಹನ್ನೆರಡು, ನೀವು ಕಾಯಿಲೇಲಿ ಫಸ್ಟ್' ಅಂತ ಚೀಟಿ ಕೊಡ್ತೀರಾ? ಯಾವುದು ವಾಸಿಯಾಯ್ತು, ಯಾವುದಕ್ಕೆ ಇನ್ನೂ ಔಷಧಿ ಬೇಕು, ಅದನ್ನ ತಾನೇ ನೋಡೋದು? ಕಾರ್ಡಲ್ಲಿ ಇರೋದು ಅಷ್ಟೇ."

ಹಿಂದಿನ ಬೆಂಚಿನಿಂದ ಯಾರೋ "ನಮ್ಮತ್ತೆ ಫಸ್ಟ್ ಬರ್ತಿದ್ರು" ಎಂದರು. ಔಷಧಿ ಅಂಗಡಿಯವರಿಗೂ ನಗು ಬಂತು, ಆದರೆ ತಡೆದುಕೊಂಡರು. "ಮಾತು ಚೆನ್ನಾಗಿದೆ. ಆದ್ರೆ ನನ್ನ ಮಗಳಿಗೆ ಅಳತೆ ಬರುತ್ತೆ. ನಂಗೂ ಬರುತ್ತೆ."

ಗೋಡೆಯ ಪಕ್ಕದ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೀಚರ್ ಕನ್ನಡಕ ಏರಿಸಿಕೊಂಡು, ಮೃದುವಾಗಿ ಎಂದರು:

"ಎಲ್ಲಿ, ಮಾಡಿ ತೋರ್ಸಿ."

ನೆಲ ಒರೆಸುವ ಬಕೆಟ್ಟು ಬಂತು. ಒಂದು ಲೀಟರಿನ ಜಗ್ಗು ಬಂತು. ಅಂಗಳದ ನಲ್ಲಿಯಿಂದ ಎರಡು ಬಿಂದಿಗೆ ನೀರು ಬಂತು. "ಎಷ್ಟು ಜಗ್ಗು ಹಿಡಿಸುತ್ತೆ ಸರ್?"

ಅವರು ಬಕೆಟ್ಟನ್ನು ರೋಗಿಯನ್ನು ನೋಡುವಂತೆ ಮೂರು ಕಡೆಯಿಂದ ನೋಡಿದರು. "ಇಪ್ಪತ್ತು." ಮಗಳು ಬಕೆಟ್ಟು ನೋಡಲಿಲ್ಲ, ಅಪ್ಪನ ಮುಖ ನೋಡಿ "ಇಪ್ಪತ್ತು" ಎಂದಳು.

ಅವರೇ ತೋಳು ಮಡಚಿ ಸುರಿದರು. ಎಂಟು, ಒಂಬತ್ತು, ಹತ್ತು. ಹನ್ನೆರಡಕ್ಕೆ ನೀರು ಅಂಚಿಗೆ ಬಂದು ನಡುಗುತ್ತ ನಿಂತಿತು. ಅಲ್ಲಿಗೆ ಬಿಡಬಹುದಿತ್ತು. ಆದರೆ ಇಪ್ಪತ್ತು ಅಂದವರು ಹನ್ನೆರಡಕ್ಕೆ ಸೋಲುವುದುಂಟೇ? ಹದಿಮೂರನೆಯ ಜಗ್ಗನ್ನು ಧೀರತನದಿಂದ ಸುರಿದರು. ಅದು ಅಷ್ಟೂ ಅವರ ಬೂಟಿನೊಳಗೆ ಹೋಯಿತು.

ಯಾರೂ ನಗಲಿಲ್ಲ, ಐದಾರು ಜನರನ್ನು ಬಿಟ್ಟರೆ. ಟೀಚರ್ ಮೂಲೆಯಲ್ಲಿದ್ದ ಖಾಲಿ ತಗಡಿನ ಡಬ್ಬ ತಂದು ಹುಡುಗಿಯ ಮುಂದಿಟ್ಟರು. "ಅಪ್ಪನ ಮುಖದಲ್ಲಿ ಉತ್ತರ ಇಲ್ಲ ಪುಟ್ಟಾ. ಒಂದು ಜಗ್ಗು ಹಾಕಿ, ಎಲ್ಲೀವರೆಗೆ ಬರುತ್ತೆ ನೋಡು."

ಹುಡುಗಿ ಒಂದು ಜಗ್ಗು ಹಾಕಿದಳು. ಬಗ್ಗಿ ನೋಡಿದಳು. ನೀರಿಗೆ ಕೈ ಇಳಿಬಿಟ್ಟು, ಎರಡು ಬೆರಳಿನಷ್ಟಿದೆ ಎಂದು ಕಂಡುಕೊಂಡಳು. ಆಮೇಲೆ ಡಬ್ಬದ ಹೊರಗೆ ಬುಡದಿಂದ ಬಾಯಿಯವರೆಗೆ ಬೆರಳಿಟ್ಟು ಎಣಿಸತೊಡಗಿದಳು. ನಾಲಿಗೆ ಅರ್ಧ ಹೊರಗೆ ಬಂದಿತ್ತು. ಹದಿನಾಲ್ಕು ಬೆರಳು. "ಏಳು," ಎಂದಳು, ಈ ಸಲ ಯಾರ ಮುಖವನ್ನೂ ನೋಡದೆ.

ಅಪ್ಪ ಒದ್ದೆ ಬೂಟಿನಲ್ಲಿ ಪಚಕ್ ಪಚಕ್ ಎನ್ನುತ್ತ ಸುರಿದರು. ಏಳನೆಯ ಜಗ್ಗಿಗೆ ಡಬ್ಬ ಸರಿಯಾಗಿ ತುಂಬಿತು. ಒಂದು ಹನಿ ಚೆಲ್ಲಲಿಲ್ಲ. ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದರು. ಮಗಳು ಕುಣಿದಾಡಿದಳು. ತೊಂಬತ್ತೈದು ತಂದ ದಿನ ಅವಳು ಹೀಗೆ ಕುಣಿದದ್ದನ್ನು ಆ ಅಪ್ಪ ಕಂಡಿರಲಿಲ್ಲ. ಅವತ್ತು ಅವಳು ಅಪ್ಪನನ್ನು ಕೇಳುತ್ತಿದ್ದದ್ದು ಒಂದೇ, "ಐದು ಎಲ್ಲಿ ಹೋಯ್ತಪ್ಪಾ?"

"ನೋಡಿದ್ರಾ!" ಎಂದರು ಅವರು. "ಬಂತಲ್ಲ! ಈಗ 'ತಾನೇ ಮಾಡುತ್ತಾಳೆ'ಗೆ ಟಿಕ್ ಹಾಕಿ ಟೀಚರ್."

"ಇಲ್ಲಪ್ಪಾ," ಎಂದಳು ಮಗಳು. "ಮೊದಲು ಒಂದು ಜಗ್ಗು ಹಾಕು ಅಂತ ಟೀಚರ್ ಹೇಳಿಕೊಟ್ರಲ್ಲ. ಇದು 'ಜೊತೆಗಿದ್ದರೆ'ನೇ."

ಔಷಧಿ ಅಂಗಡಿಯವರು ಕಾರ್ಡು ತೆಗೆದು ಆ ಸಾಲನ್ನು ಓದಿದರು. ಡಬ್ಬ ನೋಡಿದರು. ಮತ್ತೆ ಓದಿದರು. ಅಳೆದು ಕೊಟ್ಟದ್ದನ್ನು ಇನ್ನೊಮ್ಮೆ ಅಳೆದು ನೋಡುವ ಮನುಷ್ಯ. ಅಳತೆ ಸರಿಯಿತ್ತು. "ಹಾಗಾದ್ರೆ ನಂದು?" ಎಂದು ಮಗಳನ್ನು ಕೇಳಿದರು.

"ನಿಮ್ದು 'ಇನ್ನೂ ಬರಬೇಕು' ಅಪ್ಪಾ."

ಅವರು ಪೆನ್ನು ತೆಗೆದರು. ಮೂವತ್ತಾರನೆಯ ಸಹಿ, ಕೆಳಗೆ ಎರಡು ಗೆರೆ ಸಮೇತ, ಬಿತ್ತು. ಮುಖ್ಯೋಪಾಧ್ಯಾಯಿನಿ ಬಾಗಿಲ ಬಳಿಯ ಕುರ್ಚಿಯನ್ನು ಧೈರ್ಯವಾಗಿ ಒಳಗೆ ಎಳೆದುಕೊಂಡರು.

ಸೋತವರು ಗೆದ್ದವರಿಗಿಂತ ದೊಡ್ಡ ಭಾಷಣ ಮಾಡುವುದು ಲೋಕರೂಢಿ. ಔಷಧಿ ಅಂಗಡಿಯವರು ಒದ್ದೆ ಬೂಟಿನಲ್ಲೇ ಮೇಜಿನ ಪಕ್ಕ ನಿಂತು ಸಭೆಯನ್ನುದ್ದೇಶಿಸಿ ಹೇಳಿದರು: "ಬಂಧುಗಳೇ, ಇವತ್ತು ನನ್ನ ಕಣ್ಣು ತೆರೆಯಿತು. ಇದು ಸಾಮಾನ್ಯ ಕಾರ್ಡಲ್ಲ. ಮಗುವನ್ನು ಮಗುವಿನ ಜೊತೆಗೇ ಅಳೆಯುವ ಮಹಾ ದರ್ಶನ! ಇದರ ಹಿಂದೆ ಎಷ್ಟು ಓದು, ಎಷ್ಟು ಚಿಂತನೆ, ಎಷ್ಟು ವರ್ಷಗಳ ತಪಸ್ಸು ಇರಬೇಕು! ಟೀಚರ್, ಅಂಕಗಳನ್ನು ಕೂಡಿಸುವುದೇ ಬೇಡ ಎನ್ನುವ ಈ ದೊಡ್ಡ ಆಲೋಚನೆ ನಿಮಗೆ ಹೊಳೆದದ್ದು ಹೇಗೆ? ದಯವಿಟ್ಟು ನಮಗೆಲ್ಲ ಹೇಳಬೇಕು."

ಎಲ್ಲರ ಕಣ್ಣೂ ಟೀಚರ್ ಮೇಲೆ. ಅವರು ನೆಲದ ಮೇಲೆ ಚೆಲ್ಲಿದ ನೀರನ್ನು ಬಟ್ಟೆಯಲ್ಲಿ ಒರೆಸಿ ಬಕೆಟ್ಟಿಗೆ ಹಿಂಡುತ್ತಿದ್ದರು. ತಲೆಯೆತ್ತಿ, ಸ್ವಲ್ಪ ನಾಚಿಕೊಂಡು ಹೇಳಿದರು:

"ಅಯ್ಯೋ, ಹಾಗೇನಿಲ್ಲ ಸರ್. ಮೂವತ್ತಾರು ಮಕ್ಕಳು, ಆರಾರು ವಿಷಯ. ಪ್ರತಿ ಸಲ ನನ್ನ ಟೋಟಲ್ ತಪ್ಪಾಗ್ತಿತ್ತು."