ಚಹಾದ ಟ್ರೇಯ ಮೇಲಿಂದ ಕಂಡ ಕಣ್ಣುಗಳು

ಕಿವಿಗೆ ಸೇರಿದ ಸಂಗೀತವನ್ನು ಅಂಗಡಿಯ ಮುಂದೆ ನಿಂತವರಿಗೆ ಮೊದಲು ಕಣ್ಣಿನ ಮೂಲಕ ಮುಟ್ಟಿಸುವ ಕೆಲಸ ಮುಖಪುಟದ್ದು. ಆ ಕೆಲಸದಲ್ಲಿ ಮೂರು ದಶಕ ಕಳೆದು ಈಗ ನಿವೃತ್ತರಾಗುತ್ತಿರುವ ಹಿರಿಯ ಕಲಾವಿದೆಯನ್ನು ನಮ್ಮ ಸಂಗೀತ ಪತ್ರಿಕೆಯ ಕಚೇರಿಯಲ್ಲಿ ಎಲ್ಲರೂ ಕರೆಯುವುದು ‘ಮುಖಪುಟದಕ್ಕ’ ಎಂದೇ. ಅವರ ಹಿರಿಮೆಯನ್ನು ಎಲ್ಲರಿಗಿಂತ ಸರಿಯಾಗಿ ಅಳೆದವನು ಪಕ್ಕದ ಮೇಜಿನಲ್ಲಿ ಕುಳಿತು ವರ್ಷಗಟ್ಟಲೆ ಹೊಟ್ಟೆ ಉರಿದುಕೊಂಡ ಒಳಪುಟಗಳ ವಿನ್ಯಾಸಕಾರ. ಆತನಿಗೆ ‘ಒಳಪುಟ’ ಎಂಬ ಹೆಸರೇ ಅಂಟಿಕೊಂಡಿತ್ತು. ಅಂಕಣ ಹೊಂದಿಸುವುದು ಆತನ ಪಾಲು, ಹೊಗಳಿಕೆಯೆಲ್ಲ ಅಕ್ಕನ ಪಾಲು. ತನ್ನ ಕೈಯ ಒಂದು ಮುಖಪುಟ ಗೆಲ್ಲಬೇಕೆಂಬುದೊಂದೇ ಆತನ ಹಂಬಲ.

ನಮ್ಮ ಓದುಗರಲ್ಲಿ ಹೆಚ್ಚಿನವರು ಕಾಲೇಜಿನ ವಯಸ್ಸಿನವರು. ಬಸ್ಸು ಬರುವಷ್ಟರಲ್ಲಿ ಅಂಗಡಿಯತ್ತ ಕಣ್ಣು ಹಾಯಿಸುವವರು. ಅಲ್ಲಿ ಪತ್ರಿಕೆಗಳು ಒಂದರ ಹಿಂದೊಂದು ನಿಂತಿರುವುದರಿಂದ ಪ್ರತಿಯೊಂದರ ನೆತ್ತಿಯಷ್ಟೇ ಕಾಣುತ್ತದೆ. ಅದಕ್ಕಾಗಿ ಅಕ್ಕ ಕರಡುಪ್ರತಿಯನ್ನು ಗೋಡೆಗೆ ಒರಗಿಸಿ, ಅದರ ಕೆಳಭಾಗ ಮರೆಯಾಗುವಂತೆ ಮುಂದೆ ಚಹಾದ ಟ್ರೇ ನಿಲ್ಲಿಸಿ, ಬಾಗಿಲವರೆಗೆ ಹಿಂದೆ ಸರಿದು ನೋಡುತ್ತಿದ್ದರು. ಟ್ರೇಯ ಮೇಲಿಂದ ಎರಡು ಕಣ್ಣುಗಳು ನೇರವಾಗಿ ತಮ್ಮನ್ನು ನೋಡದಿದ್ದರೆ ಆ ಮುಖಪುಟ ವಾಪಸ್. ಒಮ್ಮೆ ಹೆಸರಾಂತ ಗಾಯಕನನ್ನು ಬಿಟ್ಟು, ಆತನ ಹಿಂದೆ ಕುಳಿತು ಡ್ರಮ್ ಬಾರಿಸುವ ಹುಡುಗಿಯನ್ನು ಮುಖಪುಟಕ್ಕೆ ತಂದರು. ಸಂಪಾದಕರು ಹೌಹಾರಿದರು.

“ಸಾರ್, ಕ್ಲಾಸಲ್ಲಿ ಹಾಡೋರು ಎಷ್ಟು ಜನ, ಬೆಂಚು ಬಡಿಯೋರು ಎಷ್ಟು ಜನ, ನೀವೇ ಹೇಳಿ” ಎಂದರು ಅಕ್ಕ.

ಆ ಸಂಚಿಕೆ ಮರುಮುದ್ರಣ ಕಂಡಿತು. ಕಚೇರಿಯೆಲ್ಲ ಚಪ್ಪಾಳೆ ತಟ್ಟಿದಾಗ ಒಳಪುಟನ ಕೈ ಜೇಬಿನಿಂದ ಹೊರಬರಲಿಲ್ಲ.

ಅಕ್ಕನ ತಾಯಿಗೆ ಶಸ್ತ್ರಚಿಕಿತ್ಸೆಯಾದ ತಿಂಗಳು ಮುಖಪುಟ ಆತನ ಪಾಲಿಗೆ ಬಂತು. ಪುಟದ ಅಡಿಯಲ್ಲಿ ಒಂಟಿಯಾಗಿ ನಿಂತ ಗಾಯಕಿ, ಅವಳ ತಲೆಯ ಮೇಲಿನ ಜಾಗವೆಲ್ಲ ಕಡುನೀಲಿ ಕತ್ತಲು. ಚಿತ್ರ ಚೆಂದವಿತ್ತು. ಅಕ್ಕನ ಟ್ರೇ ಮುಟ್ಟಲು ಆತನಿಗೆ ಮನಸ್ಸಾಗಲಿಲ್ಲ. ಅಂಗಡಿಗಳಲ್ಲಿ ಕಂಡದ್ದು ಬರೀ ನೀಲಿ ಪಟ್ಟಿ. ಪತ್ರಿಕೆಯ ಕಟ್ಟುಗಳು ಹೋದಷ್ಟೇ ವೇಗದಲ್ಲಿ ಮಾರಾಟವಾಗದೆ ಮರಳಿ ಬಂದವು.

ಅಕ್ಕ ಹಿಂದಿರುಗಿ ಚಿತ್ರವನ್ನು ದಿಟ್ಟಿಸಿದರು. ಚುಚ್ಚುಮಾತಿಗೆ ಆತ ಸಿದ್ಧನಾಗಿ ನಿಂತಿದ್ದ.

“ಏನೋ ಒಳಪುಟ, ಎಷ್ಟು ಚೆನ್ನಾಗಿ ಮಾಡಿದ್ದೀಯೋ! ಇದು ಅಂಗಡೀಲಿ ನಿಲ್ಲೋದಲ್ಲ ಕಣೋ, ರೂಮಿನ ಗೋಡೆಗೆ ಅಂಟಿಸ್ಕೊಳ್ಳೋದು.”

ಮುಂದಿನ ಸಂಚಿಕೆಯ ನಡುವೆ ಆ ಚಿತ್ರ ಆತನ ಹೆಸರಿನೊಡನೆ ಪೋಸ್ಟರ್ ಆಗಿ ಬರುವಂತೆ ನೋಡಿಕೊಂಡರು. ಓದುಗರು ಅಂಟಿಸಿಕೊಂಡರು, ಇನ್ನೊಂದು ಬೇಕೆಂದರು.

“ಈಗಲಾದ್ರೂ ಖುಷಿನಾ?” ಎಂದು ಸಂಪಾದಕರು ಕೇಳಿದರು.

“ಎಲ್ಲೀ ಖುಷಿ ಸಾರ್? ನನ್ನ ಚಿತ್ರ ಗೆದ್ದಿದ್ದೂ ಅವರ ಖಾತೆಗೇ ಹೋಯ್ತಲ್ಲ!” ಎಂದು ಆತ ಗೊಣಗಿದ.

ಅಕ್ಕನ ಜಾಗಕ್ಕೆ ಹೊರಗಿನವರನ್ನು ತರುವ ಮಾತು ಬಂದಾಗ, ಹಟ ಹಿಡಿದು ಆತನನ್ನೇ ಕೂರಿಸಿದವರೂ ಅಕ್ಕನೇ. ಈ ತಿಂಗಳ ಮುಖಪುಟ ಆತನದು. ಬಾಗಿಲು ಹಾಕಿಕೊಂಡು, ಕಳ್ಳನಂತೆ, ಆತ ಟ್ರೇ ನಿಲ್ಲಿಸಿ ನೋಡಿದ. ಅಂಗಡಿಯಲ್ಲಿ ಒಬ್ಬ ಹುಡುಗಿ ಪ್ರತಿ ಎತ್ತಿಕೊಂಡು, ಮುಖಪುಟದ ಗಾಯಕನನ್ನು ತೋರಿಸಿ, “ನೋಡೇ, ನನ್ನನ್ನೇ ನೋಡ್ತಿದಾನೆ” ಎಂದು ಗೆಳತಿಗೆ ಹೇಳಿದ್ದನ್ನು ಕಿವಿಯಾರೆ ಕೇಳಿ ಕಚೇರಿಗೆ ಓಡಿಬಂದ. ಅಕ್ಕ ಸಾಮಾನು ಕಟ್ಟುತ್ತಿದ್ದರು. ಟ್ರೇ ಆಗಲೇ ಚೀಲ ಸೇರಿತ್ತು.

“ಅಕ್ಕಾ, ಅದನ್ನ ಬಿಟ್ಟು ಹೋಗಿ.”

“ಅದು ಹೇಗಪ್ಪಾ? ಮಕ್ಕಳ ಹಾಡಿನ ಪತ್ರಿಕೆಗೆ ಒಪ್ಕೊಂಡಿದ್ದೀನಿ. ಗಿರಾಕಿಗಳು ಇಷ್ಟೆತ್ತರ. ಇನ್ಮೇಲೆ ನೆಲದ ಮೇಲೆ ಕೂತು ನೋಡ್ಬೇಕು. ನೀನೊಂದು ಟ್ರೇ ಕೊಂಡ್ಕೋ.”

ನೆಲದ ಮೇಲೆ ಕೂರುವುದು ತನಗೇಕೆ ಹೊಳೆಯಲಿಲ್ಲವೆಂದು ಆತನ ಹೊಟ್ಟೆ ಮತ್ತೆ ಉರಿಯಿತು. ಮುಖಪುಟದಕ್ಕ ನೂರ್ಕಾಲ ಬಾಳಲಿ, ಕೈಯ ಚುರುಕು ಹೀಗೇ ಇರಲಿ, ಒಳಪುಟನ ಆ ಉರಿ ಎಂದೂ ಆರದಂತೆ ನೋಡಿಕೊಳ್ಳಲಿ.