ಬೀಗತಿಯ ಹೆಸರು ಕೆಡಿಸಿದ ಶ್ಯಾವಿಗೆ ಕುಂಬಳ

ನಮ್ಮ ಯಜಮಾನರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಾಗಿಲಲ್ಲಿ ನಿಂತವರು ಗಂಡೋ ಹೆಣ್ಣೋ ಎಂಬುದು ದನಿ ಕೇಳಿದ ಮೇಲೆಯೇ ಅವರಿಗೆ ತಿಳಿಯುತ್ತಿತ್ತು. ದೇವದುರ್ಗದಿಂದ ಬಸ್ಸು ಹತ್ತಿಸಿ ರಾಯಚೂರಿಗೆ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರು ಬೆಳಕು ಬಿಟ್ಟು ನೋಡಿ, ಒಂದೊಂದೇ ಕಣ್ಣು ಆಪರೇಷನ್ ಮಾಡೋಣ, ಆದರೆ ಮೊದಲು ಸಕ್ಕರೆ ಇಳಿಸಿಕೊಂಡು ಬನ್ನಿ ಎಂದರು. ಇವರ ರಕ್ತದಲ್ಲಿ ಸಕ್ಕರೆ ಅಷ್ಟು ಏರಿತ್ತು. ಆ ಅಂಕಿ ನೋಡಿದ ಕಂಪೌಂಡರು ಇವರ ಮುಖವನ್ನು ಇನ್ನೊಂದು ಸಲ ನೋಡಿದ.

ಏರದೆ ಏನು ಮಾಡುತ್ತದೆ? ಈ ಮನುಷ್ಯ ಬದುಕಿರುವುದೇ ಶ್ಯಾವಿಗೆಯ ಮೇಲೆ. ಬೆಳಿಗ್ಗೆ ಶ್ಯಾವಿಗೆ ಉಪ್ಪಿಟ್ಟು, ರಾತ್ರಿ ಹಾಲು ಸಕ್ಕರೆ ಹಾಕಿದ ಶ್ಯಾವಿಗೆ. ನಡುವೆ ಯಾರೂ ಇಲ್ಲದಾಗ ಡಬ್ಬಿಗೆ ಕೈ ಹಾಕಿ ಹಸಿ ಶ್ಯಾವಿಗೆಯನ್ನೇ ಜಗಿಯುವುದು. ಡಾಕ್ಟರು ಶ್ಯಾವಿಗೆ ಬಿಡಿ ಎಂದ ಕೂಡಲೇ ಇವರು ಕುರ್ಚಿಯಿಂದ ಎದ್ದು ನಿಂತರು. "ಹಂಗಾದ್ರ ಆ ಕಣ್ಣು ನಮಗ ಬ್ಯಾಡ ಬಿಡ್ರಿ," ಎಂದರು.

ಬೇಡ ಎಂದದ್ದು ಬಾಯಿ ಮಾತು. ಕಣ್ಣು ಅವರಿಗೆ ಬೇಕೇ ಬೇಕಿತ್ತು. ಸಂಜೆ ಕಟ್ಟೆಯ ಮೇಲೆ ಕೂತು ಕವಡೆ ಹಾಕಿ ಚೌಕಾಬಾರ ಆಡುವುದೇ ಅವರಿಗೆ ಉಳಿದ ನೌಕರಿ. ಬಿದ್ದ ಕವಡೆ ಕಾಣದ್ದರಿಂದ ಎದುರಿನವನು ಹೇಳಿದ ಲೆಕ್ಕವನ್ನೇ ನಂಬಬೇಕು. ದಿನವೂ ಸೋತು ಬಂದು, ಅವನು ಸುಳ್ಳು ಹೇಳುತ್ತಾನೆ ಎಂದು ನನ್ನ ಮುಂದೆ ಕುದಿಯುತ್ತಿದ್ದರು. ಕಣ್ಣು ಬರಲಿ, ಅವನಿಗೆ ತೋರಿಸುತ್ತೇನೆ ಎನ್ನುತ್ತಿದ್ದರು. ಅಂಥವರು ಮನೆಗೆ ಬಂದು ಶ್ಯಾವಿಗೆ ಡಬ್ಬಿ ಎಲ್ಲಿ ಎಂದು ಗೋಡೆ ತಡಕುತ್ತಿದ್ದರು. ಡಬ್ಬಿಯನ್ನು ನಾನು ಪಕ್ಕದ ಮನೆಗೆ ಸಾಗಿಸಿದ್ದೆ. ಅಂದಿನಿಂದ ಜೋಳದ ರೊಟ್ಟಿಯನ್ನು ಮುರಿದು ತಾಟಿನಲ್ಲೇ ಬಿಟ್ಟು ಏಳತೊಡಗಿದರು. ಖಾಲಿ ಹೊಟ್ಟೆಗೆ ಗುಳಿಗೆ ನುಂಗುವಂತಿಲ್ಲ. ಗುಳಿಗೆ ನುಂಗದೆ ಸಕ್ಕರೆ ಇಳಿಯುವುದಿಲ್ಲ.

ಆಗ ನೆನಪಾದದ್ದು ಹಿತ್ತಲ ಬಳ್ಳಿ. ರಾಯಚೂರಿನಲ್ಲಿರುವ ನನ್ನ ಮಗಳು ಫೋನಿನಲ್ಲಿ ತರಿಸಿದ ಯಾವುದೋ ಬೀಜ ತಂದು ಬಚ್ಚಲ ನೀರು ಹರಿಯುವಲ್ಲಿ ಊರಿ ಹೋಗಿದ್ದಳು. ಅದು ಹಬ್ಬಿ, ಉದ್ದನೆಯ ಹಳದಿ ಕಾಯಿ ಬಿಟ್ಟಿತ್ತು. ನೋಡಲು ಕುಂಬಳವೂ ಅಲ್ಲ, ಕಲ್ಲಂಗಡಿಯೂ ಅಲ್ಲ. ಯಾರೋ ಕುಂಬಳಕಾಯಿಯನ್ನು ಎರಡೂ ಕಡೆ ಹಿಡಿದು ಎಳೆದ ಹಾಗಿತ್ತು. ಇದು ಶ್ಯಾವಿಗೆ ಕುಂಬಳ, ಬೇಯಿಸಿ ಕೆದರಿದರೆ ಒಳಗಿನದೆಲ್ಲ ಎಳೆ ಎಳೆಯಾಗಿ ಬರುತ್ತದೆ, ಸಕ್ಕರೆ ಇದ್ದವರಿಗೂ ನಡೆಯುತ್ತದೆ ಎಂದು ಮಗಳು ಹೇಳಿದ್ದಳು. ಅವಳಿಗೆ ಫೋನು ಹಚ್ಚಿ ಅಪ್ಪನ ಉಪವಾಸದ ಕಥೆ ಹೇಳಿದೆ. ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ.

"ಶ್ಯಾವಿಗಿ ಅಂತ ಹೇಳಿ ಹಾಕಿಬಿಡು ಯವ್ವಾ. ಅವಗೇನು ಕಾಣ್ತದ?"

ನನ್ನ ಮಗಳೇ ಸರಿ.

ಕಾಯಿ ಕಿತ್ತು ಅಡುಗೆಮನೆಗೆ ತಂದೆ. ಚಾಕು ಸೊಸೆಯ ಕೈಗೆ ಕೊಟ್ಟೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಇಡೀ ಕುಂಬಳಕಾಯಿಯನ್ನು ಹೆಂಗಸರು ಒಡೆಯಬಾರದು. ಮೊದಲ ಏಟು ಗಂಡಸು ಹಾಕಬೇಕು, ಆಮೇಲೆ ನಾವು ಎಷ್ಟು ಹೋಳು ಬೇಕಾದರೂ ಮಾಡಿಕೊಳ್ಳಬಹುದು. ಇದು ಪರದೇಶದ ಕಾಯಿ, ಇದಕ್ಕೆ ನಮ್ಮ ಪದ್ಧತಿ ಎಲ್ಲಿ ಗೊತ್ತು ಎಂದು ಅವಳನ್ನು ಗದರಿಸಿ, ನಾನೇ ಚಾಕು ಹಿಡಿದೆ. ಹಿಡಿದು ಸ್ವಲ್ಪ ಹೊತ್ತು ಕೂತೆ. ಆಮೇಲೆ ಕೆಳಗಿಟ್ಟೆ. ಹೆಸರಿನಲ್ಲಿ ಕುಂಬಳ ಎಂದು ಇದೆಯಲ್ಲ.

ಮಗ ಸಿರವಾರದ ರೈಸ್ ಮಿಲ್ಲಿಗೆ ನಸುಕಿಗೇ ಹೋದರೆ ಕತ್ತಲಾದ ಮೇಲೆ ಬರುವವನು. ನೆರೆಯ ಗಂಡಸರನ್ನು ಕರೆದರೆ ಸುದ್ದಿ ಸಂಜೆಗೆ ಕಟ್ಟೆ ಮುಟ್ಟುತ್ತದೆ. ಮನೆಯಲ್ಲಿ ಉಳಿದ ಗಂಡಸು ಒಬ್ಬರೇ, ಯಾರಿಗೆ ಮೋಸ ಮಾಡಬೇಕಾಗಿತ್ತೋ ಅವರು. ಬೇರೆ ದಾರಿ ಇರಲಿಲ್ಲ. ಕಾಯಿಯನ್ನು ಅವರ ಮುಂದಿಟ್ಟು, ಪಲ್ಯಕ್ಕೆ ಕುಂಬಳಕಾಯಿ ಒಡೆದುಕೊಡಿ ಎಂದೆ. ಅವರು ಮೈ ಸವರಿ ನೋಡಿ, ಇದೇನು ಇಷ್ಟು ಸೊರಗಿದೆ, ಜಡ್ಡೇನು ಇದಕ್ಕೆ ಎಂದು ಕೇಳಿದರು. ಕಾಯಿಯನ್ನು ನಾನು ಹಿಡಿದುಕೊಂಡೆ. ಅವರು ಕುಂಬಳಕ್ಕೆ ಹಾಕುವಂತೆ ತೊಟ್ಟಿನಿಂದ ಬುಡದವರೆಗೆ ಉದ್ದಕ್ಕೆ ಸೀಳಿದರು. ತಮ್ಮ ಶ್ಯಾವಿಗೆಯನ್ನು ತಾವೇ ಕೊಯ್ದುಕೊಂಡು ಕೈ ಒರೆಸಿದರು. ಸೊಸೆ ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಓಡಿದಳು.

ಮೊದಲ ಅಡುಗೆ ಕೆಟ್ಟಿತು. ಬೀಜ ತೆಗೆದು, ಬೋಗಾಣಿಯಲ್ಲಿ ನೀರಿಟ್ಟು, ಕುಂಬಳದಂತೆ ಮೆತ್ತಗಾಗುವವರೆಗೆ ಬೇಯಿಸಿದೆ. ಎಳೆಗಳೇನೋ ಬಂದವು. ಆದರೆ ಬೆರಳ ಗೆಣ್ಣಿನಷ್ಟು ಗಿಡ್ಡ, ಮೇಲೆ ನೀರು ನೀರು. ಒಗ್ಗರಣೆಗೆ ಹಾಕಿದರೆ ಅಂಬಲಿಯಾಯಿತು. ತಾಟಿಗೆ ಹಾಕಿ ಕೊಟ್ಟೆವು. ಯಜಮಾನರು ಒಂದು ತುತ್ತು ತಿಂದು, ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದರು. ಹೌದು, ಕಡಿಮೆಯಾಗಿದೆ ಎಂದೆವು. ಅಂದು ಅದು ಪಲ್ಯವೇ ಆಯಿತು.

ಮಗಳು ಫೋನಿನಲ್ಲಿ ಬೈದಳು. ಒಳಗಿನ ಎಳೆಗಳು ಬಳೆಯಂತೆ ಸುತ್ತಿಕೊಂಡಿರುತ್ತವಂತೆ. ಉದ್ದಕ್ಕೆ ಸೀಳಿದರೆ ಎಲ್ಲವೂ ತುಂಡಾಗುತ್ತವೆ, ಅಡ್ಡ ಕೊಯ್ಯಬೇಕು. ಇದನ್ನು ಮೊದಲೇ ಹೇಳಲು ಏನಾಗಿತ್ತು ಎಂದು ನಾನೂ ಬೈದೆ. ಮರುದಿನ ಇನ್ನೊಂದು ಕಾಯಿ ಯಜಮಾನರ ಮುಂದಿಟ್ಟು ಅಡ್ಡ ಕೊಯ್ಯಿರಿ ಎಂದೆ. ಕುಂಬಳಕಾಯಿಯನ್ನು ಅಡ್ಡ ಕೊಯ್ದವರನ್ನು ಹುಟ್ಟಿದಾಗಿನಿಂದ ನೋಡಿಲ್ಲ ಎಂದು ವಾದಿಸಿದರು. ಈಗಲೂ ನೋಡುತ್ತಿಲ್ಲವಲ್ಲ, ಕೊಯ್ಯಿರಿ ಎಂದೆ. ಕೊಯ್ದರು.

ಈ ಸಲ ಸ್ವಲ್ಪ ಗಟ್ಟಿ ಇರುವಾಗಲೇ ಇಳಿಸಿದೆ. ಮುಳ್ಳಿನ ಚಮಚದಿಂದ ಕೆದರಬೇಕು ಎಂದಿದ್ದಳು ಮಗಳು. ನಮ್ಮ ಮನೆಯಲ್ಲಿ ಅದಿಲ್ಲ, ಬೆರಳಿವೆ. ಸುತ್ತಲೂ ಬಿಡಿಸುತ್ತ ಹೋದರೆ ಉದ್ದುದ್ದ ಎಳೆಗಳು ಬಿಚ್ಚಿಕೊಂಡವು. ನನಗೇ ಒಂದು ಕ್ಷಣ ಮೋಸವಾಯಿತು. ಉಪ್ಪು ಹಚ್ಚಿ ಹಳೆಯ ಪಂಚೆಯಲ್ಲಿ ಕಟ್ಟಿ ನೀರು ಹಿಂಡಿದೆ, ಒಣ ಬಾಣಲೆಯಲ್ಲಿ ಹುರಿದೆ. ಆಮೇಲೆ ಸಾಸಿವೆ, ಕರಿಬೇವು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಒಂದು ಹಿಡಿ ಶೇಂಗಾ ಹಾಕಿ ಒಗ್ಗರಣೆ ಕೊಟ್ಟು ಮೇಲೆ ನಿಂಬೆಹಣ್ಣು ಹಿಂಡಿದೆ. ಬೇಕಾದಷ್ಟು ವಾಸನೆ ಎಬ್ಬಿಸಿದೆ. ನಾಲಿಗೆಗೆ ಯೋಚಿಸಲು ಪುರುಸೊತ್ತು ಸಿಗಬಾರದು.

ಶ್ಯಾವಿಗೆ ಉಪ್ಪಿಟ್ಟು ಎಂದು ಹೇಳಿ ತಾಟು ಮುಂದಿಟ್ಟೆ. ಯಜಮಾನರು ಜಗಿದರು. ನಿಲ್ಲಿಸಿದರು. ಇನ್ನೊಮ್ಮೆ ಜಗಿದರು.

"ಇದು ಯಾರ ಮನಿ ಶ್ಯಾವಿಗಿ? ದಾರ ಜಗದಂಗ ಆಗಾಕತ್ತದ."

ಏನು ಹೇಳುವುದೆಂದು ಯೋಚಿಸಿರಲಿಲ್ಲ. ಸೊಸೆಯ ತವರು ಮಾನ್ವಿ. ಪ್ರತಿ ಬೇಸಿಗೆ ಅವಳ ತಾಯಿ ಶ್ಯಾವಿಗೆ ಹೊಸೆದು ಡಬ್ಬಿ ತುಂಬಿ ಕಳಿಸುತ್ತಾರೆ. ಬಾಯಿಗೆ ಅದೇ ಬಂತು. ಬೀಗತಿಯ ಮನೆಯದು ಎಂದೆ, ಡಾಕ್ಟರು ಹೇಳಿದ್ದಕ್ಕೆ ಸಕ್ಕರೆಯವರಿಗೆಂದೇ ಬೇರೆ ಹಿಟ್ಟಿನಲ್ಲಿ ಮಾಡಿ ಕಳಿಸಿದ್ದಾರೆ ಎಂದೂ ಸೇರಿಸಿದೆ. ಸೊಸೆ ನನ್ನನ್ನು ನೋಡಿದ ನೋಟ ಚೆನ್ನಾಗಿರಲಿಲ್ಲ. ಅವಳ ತಾಯಿಯ ಶ್ಯಾವಿಗೆ ಎಂದರೆ ಮಾನ್ವಿಯ ಆ ಓಣಿಯಲ್ಲಿ ದೊಡ್ಡ ಹೆಸರು. ಕೂದಲೆಳೆಯಷ್ಟು ತೆಳ್ಳಗೆ ಬರುತ್ತದೆ. ಮದುವೆ ಮನೆಯವರು ಬಂದು ಕೇಳಿಕೊಂಡು ಹೋಗುತ್ತಾರೆ.

ಅಂದಿನಿಂದ ಯಜಮಾನರು ಊಟ ಬಿಟ್ಟು ಏಳಲಿಲ್ಲ, ಗುಳಿಗೆ ತಪ್ಪಿಸಲಿಲ್ಲ. ಆದರೆ ಪ್ರತಿ ತುತ್ತಿಗೂ ಬೀಗತಿಯನ್ನು ನೆನೆದರು. ವಯಸ್ಸಾಯಿತು, ಕೈ ಸೋತಿದೆ, ಹಿಟ್ಟು ನಾದಲು ಆಗುವುದಿಲ್ಲ, ಮೊದಲಿನ ಹೆಣ್ಣುಮಗಳಲ್ಲ ಎಂದೆಲ್ಲ ಮರುಕಪಟ್ಟರು. ಸೊಸೆ ಬಾಯಿ ಬಿಗಿದು ಬಡಿಸುತ್ತಿದ್ದಳು, ತಾಟನ್ನು ಬೇಕಿದ್ದಕ್ಕಿಂತ ಜೋರಾಗಿ ಇಡುತ್ತಿದ್ದಳು. ಕಣ್ಣು ಆಪರೇಷನ್ ಆಗುವವರೆಗೆ ತಡೆದುಕೋ ಎಂದು ನಾನು ಅಡುಗೆಮನೆಯಲ್ಲಿ ಹೇಳುತ್ತಿದ್ದೆ. ತಡೆದುಕೋ ಎನ್ನುವುದು ಸುಲಭ, ಹೆಸರು ಹೋದದ್ದು ನಿಮ್ಮ ತವರಿನದಲ್ಲವಲ್ಲ ಎಂದು ಅವಳೂ ಹೇಳಿದಳು. ಅದು ನಿಜ.

ಒಂದು ದಿನ ನಾನು ನೀರು ತುಂಬುತ್ತಿದ್ದೆ, ಸೊಸೆ ಬಟ್ಟೆ ಒಣಹಾಕುತ್ತಿದ್ದಳು. ಫೋನು ಬಡಿದುಕೊಂಡಿತು. ಯಜಮಾನರು ತಡಕಿ ಎತ್ತಿದರು. ಆ ಕಡೆ ಬೀಗತಿ. ನಾನು ಓಡಿ ಬರುವಷ್ಟರಲ್ಲಿ ಇವರು ಎಲ್ಲ ಹೇಳಿ ಮುಗಿಸಿದ್ದರು. ಶ್ಯಾವಿಗೆ ದಾರದ ಹಾಗಾಗಿದೆ, ಬೇಜಾರು ಮಾಡಿಕೊಳ್ಳಬೇಡಿ, ಇನ್ನು ಮುಂದೆ ಅಂಗಡಿಯದನ್ನೇ ತಂದುಕೊಂಡರಾಯಿತು ಎಂದು ಒಳ್ಳೆಯ ಮಾತಿನಲ್ಲೇ ಹೇಳಿದ್ದರಂತೆ.

ಮರುದಿನ ಬೆಳಗಿನ ಬಸ್ಸಿಗೇ ಬೀಗತಿ ಬಂದಿಳಿದರು. ಕಂಕುಳಲ್ಲಿ ದೊಡ್ಡ ಡಬ್ಬಿ. ನೀರು ಕೊಟ್ಟರೆ ಕುಡಿಯಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಯಜಮಾನರ ಕೈಗೆ ಶ್ಯಾವಿಗೆ ಕೊಟ್ಟು, ಇದು ದಾರವೇನು ನೋಡಿ ಹೇಳಿ ಎಂದರು. ಯಜಮಾನರು ಎಳೆಗಳನ್ನು ಮುಟ್ಟಿ, ಮೂಗಿಗೆ ಹಿಡಿದು, ಕಳೆದುಹೋದ ಎಮ್ಮೆ ಸಿಕ್ಕವರ ಹಾಗೆ ಮುಖ ಅರಳಿಸಿದರು. ಒಲೆ ಹಚ್ಚು ಎಂದು ನನಗೆ ಹೇಳಿದರು. ಡಾಕ್ಟರ ಹತ್ತಿರ ಹೋಗಲು ಇನ್ನೊಂದು ವಾರವಷ್ಟೇ ಉಳಿದಿತ್ತು.

ಬೀಗತಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಅಡ್ಡ ಕೊಯ್ದು ಬೇಯಿಸಿಟ್ಟ ಕಾಯಿ ತೋರಿಸಿ ನಡೆದದ್ದನ್ನೆಲ್ಲ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಒಂದು ಎಳೆ ಬಾಯಿಗೆ ಹಾಕಿಕೊಂಡು ನೋಡಿದರು.

"ಯಕ್ಕಾ, ಇದನ್ನ ನನ್ನ ಕೈಲೇ ಹೊಸದಿದ್ದು ಅಂದ್ರೇನು? ಕಣ್ಣಿಲ್ಲದವರು ನಂಬಿದ್ರು ಬಿಡು. ನನ್ನ ಮಗಳಾದ್ರೂ ಅಲ್ಲ ಅಂತ ಅನಬಾರದಾ?"

ಸೊಸೆಯ ಕಣ್ಣು ತುಂಬಿತು. ಬೀಗತಿಯ ಮಾತಿನಲ್ಲಿ ತಪ್ಪಿರಲಿಲ್ಲ. ಈಗ ನಿಜ ಹೇಳಿದರೆ ಯಜಮಾನರು ಹಟಕ್ಕೆ ಬಿದ್ದು ಡಬ್ಬಿ ಖಾಲಿ ಮಾಡುವವರು, ಕಣ್ಣಿನ ಆಪರೇಷನ್ ಮತ್ತೆ ಮುಂದಕ್ಕೆ ಹೋಗುವುದು. ಹೇಳದಿದ್ದರೆ ಈ ಹೆಣ್ಣುಮಗಳು ನಮ್ಮ ಮನೆಯಲ್ಲಿ ನೀರು ಕುಡಿಯುವುದಿಲ್ಲ. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. ಅರ್ಧ ಕಾಯಿ ಎತ್ತಿಕೊಂಡು ಹೋಗಿ ಯಜಮಾನರ ತೊಡೆಯ ಮೇಲಿಟ್ಟೆ.

"ಇಷ್ಟು ದಿನ ತಿಂದಿದ್ದು ಇದು ನೋಡ್ರಿ. ಬೀಗತೀದು ಏನೂ ತಪ್ಪಿಲ್ಲ. ಹಾಕಿದಾಕಿ ನಾನು."

ಅವರು ಬೆರಳು ಹಾಕಿ ಎಳೆಗಳನ್ನು ಬಿಡಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಕೊಯ್ದವರು ತಾವೇ ಎಂಬುದೂ ಅಷ್ಟರಲ್ಲಿ ಹೊಳೆದಿರಬೇಕು, ಕಿವಿ ಕೆಂಪಾದವು.

"ಹೊರಗ ಕವಡ್ಯಾಗ ಮೋಸ, ಒಳಗ ತಾಟಿನ್ಯಾಗ ಮೋಸ," ಎಂದರು. "ಕಾಣಲಾರದವನ್ನ ಯಾರು ಬಿಡ್ತೀರಿ ನೀವು."

ಅವರು ಕಾಯಿಯನ್ನು ಪಕ್ಕಕ್ಕಿಟ್ಟು, ಡಬ್ಬಿಯ ಮುಚ್ಚಳ ಹುಡುಕಿ, ತಾವೇ ಹಾಕಿ ಒತ್ತಿದರು. ಒತ್ತಿದ ಮೇಲೂ ಕೈ ಅದರ ಮೇಲೆಯೇ ಇತ್ತು.

"ತಂಗಿ, ಇದನ್ನ ವಾಪಸ್ ಒಯ್ಯವಾ. ಕಣ್ಣು ಬಂದಮ್ಯಾಲ ನಾನಽ ಮಾನ್ವಿಗಿ ಬರ್ತೀನಿ. ನಿನ್ನ ಕೈಲೇ ಮಾಡಿ, ನನ್ನ ಎದುರಿಗೇ ಹಾಕು. ಈ ಮನ್ಯಾಗ ಯಾರ ಕೈಲಿಂದಾನೂ ನಾ ಶ್ಯಾವಿಗಿ ತಿನ್ನಂಗಿಲ್ಲ."

ಬೀಗತಿ ಆಗ ನೀರು ಕುಡಿದರು. ಊಟಕ್ಕೂ ಕೂತರು. ಶ್ಯಾವಿಗೆ ಕುಂಬಳದ ಒಗ್ಗರಣೆಯನ್ನೇ ಹಾಕಿದೆ. ಇದಕ್ಕೆ ನನ್ನ ಹೆಸರು ಹಚ್ಚಿದಿರಲ್ಲ ಎಂದು ತಿನ್ನುವಷ್ಟು ಹೊತ್ತೂ ಅನ್ನುತ್ತಲೇ ಇದ್ದರು, ಎರಡನೆಯ ಸಲ ಹಾಕಿಸಿಕೊಂಡರು ಕೂಡ.

ಸಕ್ಕರೆ ಇಳಿದಿತ್ತು. ಗುಳಿಗೆ ಇಳಿಸಿತೋ ಕುಂಬಳ ಇಳಿಸಿತೋ ಡಾಕ್ಟರಿಗೇ ಗೊತ್ತು. ಏನು ತಿಂದಿರಿ ಎಂದು ಅವರು ಕೇಳಿದಾಗ ಯಜಮಾನರು, ಹಿತ್ತಲಲ್ಲಿ ತಾವೇ ಬೆಳೆಸಿದವರ ಹಾಗೆ, ಅಡ್ಡ ಕೊಯ್ಯಬೇಕು, ನೀರು ಹಿಂಡಬೇಕು ಎಂದು ಪಾಠ ಹೇಳಿದರು. ಎಡಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿಸಿಕೊಂಡು ದೇವದುರ್ಗಕ್ಕೆ ಬಂದೆವು.

ಬಲಗಣ್ಣು ಇನ್ನೂ ಬಾಕಿ. ಹಾಗಾಗಿ ಬಳ್ಳಿಗೆ ಬಿಡುವಿಲ್ಲ. ಮನೆಗೆ ಬಂದ ಮರುದಿನ ಇಬ್ಬರಿಗೂ ಅದನ್ನೇ ಹಾಕಿಕೊಂಡು ಕೂತೆ. ಯಜಮಾನರು ತುತ್ತು ಎತ್ತಲಿಲ್ಲ. ತಾಟನ್ನು ಬೆಳಕಿಗೆ ತಿರುಗಿಸಿ, ಬಾಗಿ ನೋಡಿದರು. ಎಳೆ ಇಷ್ಟು ಹಳದಿಯಾಗಿರುತ್ತದೆ ಎಂದು ಯಾರೂ ಹೇಳಲೇ ಇಲ್ಲವಲ್ಲ ಎಂದರು. ಕರಿಬೇವನ್ನು ಹೆಕ್ಕಿ ಬದಿಗಿಟ್ಟರು. ಉಳ್ಳಾಗಡ್ಡಿ ಸೀದದ್ದನ್ನು ಎತ್ತಿ ಸೊಸೆಗೆ ತೋರಿಸಿದರು. ಆಮೇಲೆ ನನ್ನ ತಾಟಿನ ಕಡೆ ತಿರುಗಿ, ಹೊಸ ಕಣ್ಣನ್ನು ಅಲ್ಲೇ ನಿಲ್ಲಿಸಿದರು.

"ಶೇಂಗಾ ನಿನ್ನ ತಾಟಿನ್ಯಾಗ ಜಾಸ್ತಿ ಅದಾವಲ್ಲ. ಇದು ಎಷ್ಟು ದಿನದಿಂದ ನಡದದ?"

ಮದುವೆಯಾದಾಗಿನಿಂದ ಎಂದೆ. ಅವರು ನನ್ನ ತಾಟಿಗೆ ಕೈ ಹಾಕಿದರು, ಗುರಿ ತಪ್ಪಲಿಲ್ಲ.