ಒಂಬತ್ತನೆಯ ಕುಳಿ

ಅವರ ಪಾದಗಳು ಮುಖಕ್ಕಿಂತ ಹತ್ತು ವರ್ಷ ಹಳೆಯವು. ಅಂಗಾಲು ಸುಟ್ಟ ಹಲಗೆಯಂತೆ ಒರಟು. ಬೆರಳುಗಳು ಒಂದಕ್ಕೊಂದು ತಾಗದಂತೆ ಅಗಲವಾಗಿ ಹರಡಿಕೊಂಡಿದ್ದವು. ನಿಂತು ಮಾತಾಡಬೇಕೆಂದರೆ ಮೊದಲು ಚಪ್ಪಲಿ ಬಿಡುತ್ತಿದ್ದರು. ಬೀದಿಯಾದರೂ ಸರಿ, ಉರಿಬಿಸಿಲಾದರೂ ಸರಿ.

ನಾನು ಮೊದಲು ಕಂಡದ್ದೇ ಹಾಗೆ. ಬನಶಂಕರಿ ಮೂರನೇ ಹಂತದಲ್ಲಿ ಅವರ ಮನೆಯ ಪಕ್ಕದ ಸೈಟಿನಲ್ಲಿ ಅಪಾರ್ಟ್‌ಮೆಂಟಿಗೆ ಪಾಯ ತೆಗೆಯುತ್ತಿದ್ದೆವು. ಆರಡಿ ಮಣ್ಣು, ಆಮೇಲೆ ಬರೀ ಬಂಡೆ. ನಾನು ವಸಂತಪುರದಿಂದ ಕಂಪ್ರೆಸರ್ ಟ್ರ್ಯಾಕ್ಟರಿನ ಜೊತೆ ಬರುತ್ತಿದ್ದೆ. ಬಂಡೆಗೆ ತೂತು ಕೊರೆಯುವುದು ನನ್ನ ಕೆಲಸ. ಆ ತೂತಿಗೆ ನಾವು ಕುಳಿ ಅನ್ನುತ್ತೇವೆ. ಮೊದಲ ದಿನವೇ ಅವರು ಕಾಂಪೌಂಡಿನ ಆಚೆ ಬರಿಗಾಲಲ್ಲಿ ನಿಂತು ನನ್ನನ್ನು ಕರೆದರು. ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿ ತಡೆದರು.

"ಟ್ಯಾಂಕರ್ ಬರ್ತಿದೆ. ತುಂಬಿದೆ."

ರಸ್ತೆ ಖಾಲಿ ಇತ್ತು. ಸದ್ದೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ತಿರುವಿನಲ್ಲಿ ನೀರಿನ ಟ್ಯಾಂಕರ್ ಕಾಣಿಸಿತು. ಮೇಲಿನ ಮುಚ್ಚಳದಿಂದ ನೀರು ತುಳುಕುತ್ತಿತ್ತು.

"ಏನ್ ಸಾರ್, ಮಂತ್ರ ಗಿಂತ್ರ ಕಲ್ತಿದೀರಾ?"

"ಮಂತ್ರ ಅಲ್ಲಪ್ಪ, ಕಾಲು. ನಿನಗೂ ಇದೆ. ಶೂ ಬಿಚ್ಚಿ ನೋಡು."

"ಶೂ ಬಿಚ್ಚಿದ್ರೆ ಬೆರಳು ಹೋಗುತ್ತೆ ಸಾರ್."

ನಕ್ಕರು. ಆಮೇಲೆ ಮನೆಯೊಳಕ್ಕೆ ಕರೆದುಕೊಂಡು ಹೋದರು. ಅಡುಗೆಮನೆಯ ಪಕ್ಕ ಒಂದು ಕೋಣೆ. ಬಾಗಿಲು ತೆರೆದರೆ ಒಳಗೆ ನೆಲವೇ ಇಲ್ಲ. ಟೈಲ್ಸು, ಗಾರೆ ಎಲ್ಲ ಕಿತ್ತು ಹಾಕಿ ಕೆಳಗಿನ ಬಂಡೆಯನ್ನು ಬರಿದಾಗಿ ಬಿಟ್ಟಿದ್ದರು. ಬಂಡೆಯ ಮೇಲೆ ಸೊಂಟದೆತ್ತರದ ಒಂದು ಸಿಮೆಂಟು ಕಂಬ. ಕಂಬದ ಮೇಲೆ ನಿಧಾನವಾಗಿ ತಿರುಗುವ ಡ್ರಮ್ಮು. ಅದಕ್ಕೆ ಸುತ್ತಿದ ಕಾಗದದ ಮೇಲೆ ಕೂದಲಿನಷ್ಟು ಸಣ್ಣ ಪೆನ್ನು ಗೆರೆ ಎಳೆಯುತ್ತಿತ್ತು. ಕಿಟಕಿ ಮುಚ್ಚಿತ್ತು. ಯಾರೂ ಮುಟ್ಟಿರಲಿಲ್ಲ. ಆದರೂ ಪೆನ್ನು ಒಮ್ಮೊಮ್ಮೆ ಬೆಚ್ಚಿಬಿದ್ದಂತೆ ಅಲುಗುತ್ತಿತ್ತು.

"ನೀವು ಅಲ್ಲಿ ಒಡೀತಿರೋದು ಇದೇ ಬಂಡೆ. ನೀನು ಎಷ್ಟೊತ್ತಿಗೆ ಮಿಷಿನ್ ಹಾಕ್ತೀಯ ಅಂತ ದಿನಾ ಹೇಳು, ಸಾಕು. ಕಾಗದದ ಮೇಲೆ ಬರ್ಕೋತೀನಿ. ಉಳಿದ ನಡುಕ ಯಾರ್ದು ಅಂತ ಆಗ ನೋಡ್ಬಹುದು."

ಅಂದಿನಿಂದ ಅದೇ ಒಪ್ಪಂದ. ಬೆಳಿಗ್ಗೆ ಬಂದವನೇ ಕಾಂಪೌಂಡಿನ ಮೇಲಿಂದ ಕೂಗುತ್ತಿದ್ದೆ, "ಎಂಟಕ್ಕೆ ಸಾರ್!" ಒಳಗಿನಿಂದ ಅವರ ತಂಗಿ ಲೋಟದಲ್ಲಿ ಕಾಫಿ ತಂದು ಗೋಡೆಯ ಮೇಲೆ ಇಡುತ್ತಿದ್ದರು.

ಸಾರ್ ರಿಟೈರ್ ಆಗುವ ಮೊದಲು ಕೆಲಸದಲ್ಲಿ ಓದುತ್ತಿದ್ದದ್ದೂ ಇಂಥ ಗೆರೆಗಳನ್ನೇ. ಯಾವ ದೇಶ ಎಲ್ಲಿ ನೆಲದಡಿ ಅಣುಬಾಂಬು ಸಿಡಿಸಿ ಪರೀಕ್ಷೆ ಮಾಡಿದರೂ ಅದರ ನಡುಕ ಭೂಮಿಯೊಳಗೆ ಓಡಿಬಂದು ಅವರ ಕಾಗದದ ಮೇಲೆ ಬೀಳುತ್ತಿತ್ತು. ಅದು ಭೂಕಂಪವೋ ಬಾಂಬೋ ಅವರು ಹೇಳಬೇಕಿತ್ತು. "ಭೂಕಂಪ ಒಂದು ಕಡೆ ತಳ್ಳುತ್ತೆ, ಇನ್ನೊಂದು ಕಡೆ ಎಳೆಯುತ್ತೆ. ಬಾಂಬು ಎಲ್ಲಾ ಕಡೆಗೂ ತಳ್ಳುತ್ತೆ. ಅಷ್ಟೇ ಕಣಯ್ಯಾ ವಿದ್ಯೆ," ಅನ್ನುತ್ತಿದ್ದರು.

"ನಮ್ಮವರು ಸಿಡಿಸಿದಾಗ್ಲೂ ಪೆನ್ನು ಅಲ್ಲಾಡ್ತಾ ಸಾರ್?"

"ಬಂಡೆಗೇನು ಪಾಸ್‌ಪೋರ್ಟ್ ಇದೆಯೇನೋ?"

ಒಮ್ಮೆ ಅವರನ್ನು ಹೊರದೇಶಕ್ಕೂ ಕರೆದುಕೊಂಡು ಹೋಗಿದ್ದರು. ಬಾಂಬು ಪರೀಕ್ಷೆಯನ್ನೇ ನಿಲ್ಲಿಸಬೇಕೆಂದು ನೂರಾರು ದೇಶದವರು ಕೂತು ಮಾತಾಡುವ ಸಭೆ. ಮುಂದಿನ ಸಾಲಿನಲ್ಲಿ ದೊಡ್ಡ ಅಧಿಕಾರಿಗಳು, ಹಿಂದಿನ ಸಾಲಿನಲ್ಲಿ ಇವರು, ತೊಡೆಯ ಮೇಲೆ ಕಾಗದದ ಸುರುಳಿ. ಯಾರ ಜಾಗಕ್ಕೆ ಯಾರು ಹೋಗಿ ನೋಡಬಹುದು, ಎಷ್ಟು ದಿನ ಮೊದಲು ಹೇಳಬೇಕು ಎಂಬುದರಲ್ಲೇ ಹದಿನೆಂಟು ದಿನ ಕಳೆಯಿತಂತೆ. ಎಲ್ಲರಿಗೂ ಪಕ್ಕದವನ ಬಾಗಿಲು ತೆಗೆಸುವ ಆಸೆ. ತನ್ನ ಬಾಗಿಲು ತೆಗೆಯಲು ಯಾರೂ ತಯಾರಿಲ್ಲ.

ಅಲ್ಲಿ ನಡೆದ ಒಂದು ಸಂಗತಿಯನ್ನು ಅವರು ನನಗೆ ಮೂರು ಸಲ ಹೇಳಿದ್ದಾರೆ. ಟೀ ಹೊತ್ತಿನಲ್ಲಿ ಬೇರೆ ದೇಶದವನೊಬ್ಬ ಹತ್ತಿರ ಬಂದು, ಸಕ್ಕರೆ ಕಲಸುತ್ತಾ, ತುಂಬಾ ಸ್ನೇಹದಿಂದ ಕೇಳಿದನಂತೆ: ಎಷ್ಟು ಸಣ್ಣದಾಗಿ ಸಿಡಿಸಿದರೆ ನಿಮಗೆ ಕಾಣಿಸುವುದಿಲ್ಲ?

"ಹೇಳ್ಬಿಟ್ರಾ ಸಾರ್?"

"ಹೇಳ್ಬಿಟ್ಟೆ. ವಿದ್ಯೆ ಮೇಲಿನ ಜಂಬ. ಆಮೇಲೆ ಅವರು ಅಷ್ಟು ಸಣ್ಣದು ಸಿಡಿಸಿದ್ರೋ ಇಲ್ವೋ, ನನಗೆ ಗೊತ್ತಾಗೋದೇ ಇಲ್ಲ. ಗೊತ್ತಾಗ್ಬಾರ್ದು ಅಂತ ತಾನೇ ಕೇಳಿದ್ದು."

ಇದನ್ನು ಹೇಳುವಾಗ ಅವರ ಕಣ್ಣು ಆ ಕೋಣೆಯ ಬಾಗಿಲ ಮೇಲೆಯೇ ಇರುತ್ತಿತ್ತು. ಆ ಹೊತ್ತಿನಲ್ಲಿ ಅವರ ಜೊತೆ ಒಬ್ಬನೇ ಕೂರಲು ನನಗೆ ಆಗುತ್ತಿರಲಿಲ್ಲ. ಕಾಫಿ ಮುಗಿಸಿ ಎದ್ದುಬಿಡುತ್ತಿದ್ದೆ.

ದೀಪಾವಳಿ ಬಂತು. ಕೆಲಸ ಹಿಂದೆ ಬಿದ್ದಿತ್ತು. ಮನೆಗಳ ನಡುವೆ ಮದ್ದಿಟ್ಟು ಸಿಡಿಸುವ ಹಾಗಿಲ್ಲ. ಆದರೆ ಕಂಟ್ರಾಕ್ಟರ್ ಒಂದು ಉಪಾಯ ಹುಡುಕಿದ್ದ. "ಹಬ್ಬದ ಸಾಯಂಕಾಲ ಇಡೀ ಏರಿಯಾ ಪಟಾಕಿ ಹೊಡೆಯುತ್ತೆ ಮಗಾ. ಅದರಲ್ಲಿ ನಮ್ದೂ ಹೋಗ್ಲಿ. ಯಾರು ಕೇಳಿದ್ರೂ ಪಟಾಕಿ ಅನ್ನು."

ಬೆಳಿಗ್ಗೆ ಕಾಂಪೌಂಡಿನ ಹತ್ತಿರ ಹೋಗಿ, "ಇವತ್ತು ಕೆಲಸ ಇಲ್ಲ ಸಾರ್, ಹಬ್ಬ," ಅಂದೆ. ಅವರಿಗೆ ನಾನು ಹೇಳಿದ ಮೊದಲ ಸುಳ್ಳು ಅದು.

ನಾನು ಕೊರೆದಿಟ್ಟಿದ್ದ ಒಂಬತ್ತು ಕುಳಿಗೂ ಸಂಜೆ ಮದ್ದು ತುಂಬಿದೆವು. ಸುತ್ತ ಸರಪಟಾಕಿ ಕಿವಿ ಒಡೆಯುತ್ತಿದ್ದಾಗ ಬತ್ತಿ ಹಚ್ಚಿ ಓಡಿದೆವು. ಸಾಮಾನ್ಯವಾಗಿ ದೂರ ನಿಂತು ಎಣಿಸುತ್ತೇವೆ. ಎಷ್ಟು ತುಂಬಿದೆವೋ ಅಷ್ಟೂ ಸಿಡಿಯಬೇಕು. ಒಂದು ಉಳಿದರೆ, ಮಾರನೆಯ ದಿನ ಅದರ ಮೇಲೆ ಡ್ರಿಲ್ ಇಟ್ಟವನು ಸತ್ತ. ಆದರೆ ಅಂದು ಆ ಗಲಾಟೆಯಲ್ಲಿ ಯಾವುದು ಪಟಾಕಿ, ಯಾವುದು ನಮ್ಮದು? ಊರಿಗೆ ಕೇಳಬಾರದೆಂದು ಮುಚ್ಚಿದ್ದು ನಮಗೂ ಕೇಳಲಿಲ್ಲ. "ಎಲ್ಲಾ ಹೋಗಿರುತ್ತೆ ಬಿಡು," ಅಂದ ಕಂಟ್ರಾಕ್ಟರ್.

ಬೆಳಿಗ್ಗೆ ಏಳಕ್ಕೆ ಗುಂಡಿಯಲ್ಲಿ ಪುಡಿಗಲ್ಲಿನ ರಾಶಿ. ಹೊಸ ಕುಳಿಗೆ ಜಾಗ ನೋಡಿ ಕಂಪ್ರೆಸರ್ ಹಾಕಿಸಿದೆ. ತಲೆ ಎತ್ತಿದರೆ ಗುಂಡಿಯ ಅಂಚಿನಲ್ಲಿ ಅವರು, ಬರಿಗಾಲಲ್ಲಿ. ನಾನೇ ಹೋಗಿ ಮಿಷಿನ್ ನಿಲ್ಲಿಸಿದೆ.

"ಎಷ್ಟು ತುಂಬಿದ್ರಿ?"

"ಏನು ಸಾರ್? ಪಟಾಕಿ ಸಾರ್ ಅದು."

"ಪಟಾಕಿ ಗಾಳಿಗೆ ಹೋಗುತ್ತೆ. ಬಂಡೆಗೆ ಇಳಿಯಲ್ಲ. ನನ್ನ ಕಾಗದದಲ್ಲಿ ಎಂಟು ಬಂದಿದೆ."

ನಾನು ಡ್ರಿಲ್ಲಿನ ಕಡೆ ತಿರುಗಿದೆ.

"ನಮ್ದಲ್ಲ ಸಾರ್."

"ಸರಿ. ನನಗೆ ಹೇಳ್ಬೇಡ, ನಿನಗೆ ನೀನು ಹೇಳ್ಕೋ. ಎಂಟು ತುಂಬಿದ್ರೆ ಕೆಲಸ ಮಾಡು. ಜಾಸ್ತಿ ತುಂಬಿದ್ರೆ ಆ ಡ್ರಿಲ್ ಕೆಳಗಿಡು."

ಆಚೆಯಿಂದ ಕಂಟ್ರಾಕ್ಟರ್ ಕೂಗಿದ. "ಲೋ, ಮುದುಕನ ಹತ್ರ ಏನೋ ಹರಟೆ? ಕೆಲಸ ನೋಡು!" ನಾನು ಮತ್ತೆ ಮಿಷಿನ್ ಹಾಕಿಸಿ ಡ್ರಿಲ್ ಎತ್ತಿಕೊಂಡೆ. ಒಂಬತ್ತೂ ಸಿಡಿದಿರಬಹುದು, ಮುದುಕರ ಪೆನ್ನು ತಪ್ಪಿರಬಹುದು, ನನಗೇನೂ ಆಗುವುದಿಲ್ಲ ಎಂದುಕೊಂಡೆ. ಅವರು ಹೋಗುತ್ತಾರೆ ಎಂದು ಕಾದೆ. ಹೋಗಲಿಲ್ಲ. ಅಂಚಿಗೆ ಇನ್ನೂ ಒಂದು ಹೆಜ್ಜೆ ಹತ್ತಿರ ಬಂದರು. ಕೆಳಗೆ ಸಿಡಿದರೆ ನನ್ನ ಜೊತೆ ಅವರಿಗೂ ಕಲ್ಲು ಬಡಿಯುತ್ತದೆ.

"ಆಚೆ ಹೋಗಿ ಸಾರ್!"

"ನೀನು ಮಾಡಪ್ಪ. ನಾನು ಇಲ್ಲೇ ನಿಂತಿರ್ತೀನಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಮುಖವೂ ನನ್ನ ಕಡೆಗಿರಲಿಲ್ಲ. ನನ್ನ ಕಾಲ ಕೆಳಗಿನ ಕಲ್ಲನ್ನು ನೋಡುತ್ತಿದ್ದರು, ಅಲ್ಲಿ ಯಾರೋ ಮಲಗಿದ್ದಾರೆ, ಏಳಿಸಬಾರದು ಅನ್ನುವ ಹಾಗೆ. ನಾನು ಡ್ರಿಲ್ ಕೆಳಗಿಟ್ಟೆ.

"ಒಂಬತ್ತು ಸಾರ್!" ಎಂದು ಕಿರುಚಿದೆ. "ಒಂಬತ್ತು ತುಂಬಿದ್ವಿ!"

ಮಿಷಿನ್ ನಿಂತಿತು. ಪುಡಿಗಲ್ಲನ್ನು ಕೈಯಲ್ಲೇ ಒಂದೊಂದಾಗಿ ಸರಿಸಿದೆವು. ಸಿಡಿಯದ ಒಂಬತ್ತನೆಯ ಕುಳಿ ಸಿಕ್ಕಿತು. ಬತ್ತಿ ಅರ್ಧ ಉರಿದು ಆರಿತ್ತು. ನಾನು ಡ್ರಿಲ್ ಇಡಬೇಕೆಂದಿದ್ದ ಜಾಗಕ್ಕೂ ಅದಕ್ಕೂ ಒಂದು ಗೇಣು. ಮದ್ದಿನ ಲೈಸೆನ್ಸ್ ಇದ್ದವನು ಬಂದು ಅದರ ಗತಿ ಕಾಣಿಸುವವರೆಗೂ ಅವರು ಬೀದಿಯಲ್ಲಿ ಯಾರನ್ನೂ ಬಿಡಲಿಲ್ಲ.

ಆಮೇಲೆ ಅವರು ನನ್ನೆದುರೇ ಹೇಳಿದರು, "ನಾನು ದೂರು ಬರ್ಕೊಡ್ತೀನಿ. ನಿಮ್ಮ ಕೆಲಸ ನಿಲ್ಲುತ್ತೆ." ಬರೆದುಕೊಟ್ಟರು. ನಿಂತಿತು. ಎರಡು ತಿಂಗಳು ಖಾಲಿ ಕೂತೆ. ಅವರ ಮೇಲೆ ಸಿಟ್ಟಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅನ್ನ ಕಲಸುವಾಗ, ಬಸ್ಸಿಗೆ ಕಾಯುವಾಗ, ಆ ಅರ್ಧ ಉರಿದ ಬತ್ತಿ ಕಣ್ಣೆದುರು ಬರುತ್ತಿತ್ತು. ಅವರಿಗೆ ಹುಷಾರಿಲ್ಲವೆಂದು ಗೊತ್ತಾದಾಗ ಹೋದೆ.

ಮಂಚದ ಮೇಲೆ ಮಲಗಿದ್ದರು. ತಂಗಿ ಕಾಫಿ ತರಲು ಒಳಗೆ ಹೋದರು. ನಾನು ಸುಮ್ಮನಿರಲಾರದೆ ಹೇಳಿಬಿಟ್ಟೆ.

"ಅವತ್ತು ನೀವು ಮನೆಗೆ ಹೋಗಿದ್ದಿದ್ರೆ ನಾನು ನಿಜ ಹೇಳ್ತಾನೇ ಇರ್ಲಿಲ್ಲ ಸಾರ್. ಡ್ರಿಲ್ ಇಟ್ಟೇ ಬಿಡ್ತಿದ್ದೆ."

"ಗೊತ್ತು. ಅದಕ್ಕೇ ಹೋಗ್ಲಿಲ್ಲ." ಸ್ವಲ್ಪ ಉಸಿರು ತೆಗೆದುಕೊಂಡರು. "ಆ ಸಭೆಯಲ್ಲಿ ಯಾರಾದ್ರೂ ಇನ್ನೇನು ನಿಜ ಹೇಳ್ತಾರೆ ಅನ್ನೋ ಹೊತ್ತಿಗೆ ಗಂಟೆ ಒಂದಾಗ್ತಿತ್ತು. ಎಲ್ಲಾರೂ ಊಟಕ್ಕೆ ಎದ್ದು ಹೋಗಿಬಿಡ್ತಿದ್ವಿ. ನಾನೂ ಹೋಗ್ತಿದ್ದೆ ಕಣಯ್ಯಾ."

ನಾನು ಹೋಗಿಬಂದ ಮೂರನೆಯ ದಿನ ಅವರು ತೀರಿಕೊಂಡರು. ಗುಂಡಿಯಲ್ಲಿ ಡ್ರಿಲ್ ಕೆಳಗಿಟ್ಟ ಆ ಬೆಳಿಗ್ಗೆ ನನಗೆ ಇಪ್ಪತ್ತನಾಲ್ಕು ವರ್ಷ. ಈಗ ಇಪ್ಪತ್ತಾರು. ನಡುವಿನ ಎರಡು ವರ್ಷ ನನ್ನದಲ್ಲ, ಅವರು ಕೊಟ್ಟದ್ದು.